ಬಾವಿಯ ಸಾಲಿನ ಹುಲ್ಲು

ಚಿನ್ನು, ಕುಟ್ಟಿ, ಇಬ್ಬರೂ ಹತ್ತಿರ ಕೂತು ಇದನ್ನು ಓದಿ. ಒಬ್ಬರು ಓದಿ ಇನ್ನೊಬ್ಬರು ಕೇಳಿದರೂ ಆಗುತ್ತದೆ. ಒತ್ತಕ್ಷರ ಬಂದಲ್ಲಿ ನಿಧಾನ ಮಾಡಿ. ಇದು ತಾಳವಾಡಿ ಬೆಟ್ಟದ ಮೇಲೆ ನಮ್ಮೂರ ಶಾಲೆಯಲ್ಲಿ ನಾನು ಕಲಿತ ಕನ್ನಡ. ಮದುವೆಯಾಗಿ ಮಡತ್ತುಕುಳಂ ಪಕ್ಕದ ಈ ತೋಟಕ್ಕೆ ಬಂದಾಗ ಮನೆಯೊಳಗೆ ಎಲ್ಲರೂ ಕನ್ನಡವನ್ನೇ ಆಡುತ್ತಿದ್ದರು, ಆದರೆ ಅಕ್ಷರ ಬಲ್ಲವರು ಯಾರೂ ಇರಲಿಲ್ಲ. ನಿಮ್ಮ ತಾತನಿಗೂ ಬರುತ್ತಿರಲಿಲ್ಲ. ನಿಮ್ಮ ಅಪ್ಪ ಅಮ್ಮ ಓದುವುದು ತಮಿಳು. ಹಾಗಾಗಿ ಈ ಮನೆಯಲ್ಲಿ ಇದನ್ನು ಓದಬಲ್ಲವರು, ನಾನು ಅಕ್ಷರ ಕಲಿಸಿದ ನೀವಿಬ್ಬರೇ.

ನನಗೆ ಬಾಯಿಬಿಟ್ಟು ಹೇಳುವುದು ಕಷ್ಟ. ನಾಲ್ಕು ಜನರ ಮುಂದೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಹುಲ್ಲು ಕತ್ತರಿಸುವ ನಮ್ಮ ಹುಲ್ಲುಗಾಡಿ ಬಾವಿಯ ಕಡೆ ತಿರುಗಿದ ದಿನ ಏನಾಯಿತು ಎಂದು ನೀವು ಕೇಳುತ್ತಲೇ ಇದ್ದೀರಿ. ನಿಮ್ಮ ಅಮ್ಮ ನಕ್ಕು ಸುಮ್ಮನಾಗುತ್ತಾಳೆ. ಅಪ್ಪ ಮಾತು ತಿರುಗಿಸುತ್ತಾನೆ. ನಾನು ಬರೆಯುತ್ತೇನೆ.

ನಮ್ಮ ಬಾವಿ ನೀವು ನೋಡಿರುವಂಥದ್ದೇ, ಆದರೆ ಆಗ ಹೀಗಿರಲಿಲ್ಲ. ಬಂಡೆ ಸೀಳಿ ತೋಡಿದ ಚೌಕದ ಬಾವಿ. ಬಗ್ಗಿ ನೋಡಿದರೆ ನೀರಿಗಿಂತ ಮೊದಲು ಕತ್ತಲೆ ಕಾಣುವಷ್ಟು ಆಳ. ಮೂರು ಕಡೆ ಕಟ್ಟೆ ಇತ್ತು. ತೆಂಗಿನ ಸಾಲಿನ ಕಡೆ ಇರಲಿಲ್ಲ. ಹಿಂದೆ ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುತ್ತಿದ್ದಾಗ ಆ ಕಡೆಯನ್ನು ತೆರೆದೇ ಬಿಟ್ಟಿದ್ದರು. ಚರ್ಮದ ಚೀಲ ಮೇಲೆ ಬಂದು ನೀರು ಸುರಿಯಲು ಜಾಗ ಬೇಕಲ್ಲ. ಎತ್ತು ಹೋಗಿ ಮೋಟಾರು ಬಂತು, ತೆರೆದ ಕಡೆ ತೆರೆದೇ ಉಳಿಯಿತು. ರಾಟೆ ಕಟ್ಟುತ್ತಿದ್ದ ಎರಡು ಕಲ್ಲುಕಂಬಗಳು ಮಾತ್ರ ಅಂಚಿನಲ್ಲಿ ನಿಂತಿದ್ದವು.

ನಾನು ಹೊಸದಾಗಿ ಬಂದ ಕಾಲದಲ್ಲಿ ಪಕ್ಕದ ತೋಟದವರ ಟ್ರ್ಯಾಕ್ಟರು ಇಂಥದೇ ಬಾವಿಗೆ ಬಿತ್ತು. ಓಡಿಸುತ್ತಿದ್ದವರು ಬದುಕಲಿಲ್ಲ. ಅದನ್ನು ಕ್ರೇನಿನಲ್ಲಿ ಎತ್ತುವಾಗ ಊರೆಲ್ಲ ಸೇರಿತ್ತು. ಸೆರಗು ಬಾಯಿಗೊತ್ತಿಕೊಂಡು ನಾನೂ ದೂರದಲ್ಲಿ ನಿಂತಿದ್ದೆ. ಮೊದಲು ಮೇಲೆ ಬಂದದ್ದು ಮುಂದಿನ ಚಕ್ರ. ನೀರು ಸೋರುತ್ತ ಅದು ಗಾಳಿಯಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಅದಾದ ಮೇಲೆ ಚಕ್ರವಿರುವ ಯಾವುದೇ ವಸ್ತು ಬಾವಿಯ ಹತ್ತಿರ ಹೋದರೆ ನನಗೆ ಅಂಗಾಲು ತಣ್ಣಗಾಗುತ್ತದೆ.

ಹುಲ್ಲುಗಾಡಿ ಬಂದದ್ದು ಹಾವಿನ ಕಾಟಕ್ಕೆ. ತೆಂಗಿನ ಸಾಲುಗಳ ನಡುವೆ ಹುಲ್ಲು ಮೊಣಕಾಲು ಮುಟ್ಟಿತ್ತು. ಕಳೆ ಕೀಳಲು ಆಳು ಸಿಗುತ್ತಿರಲಿಲ್ಲ. ಕಾಯಿ ಕೀಳುವವರು ಬಂದು ಬದುವಿನ ಮೇಲೆಯೇ ನಿಂತು, ಈ ಹುಲ್ಲಿಗೆ ಕಾಲಿಡುವುದಿಲ್ಲ ಎಂದು ಹೊರಟುಹೋದರು. ನಿಮ್ಮ ಅಪ್ಪನಿಗೆ ಉಡುಮಲೈಯ ಮೋಟಾರು ಅಂಗಡಿ ಬಿಟ್ಟು ಬರಲು ಭಾನುವಾರ ಮಾತ್ರ ಬಿಡುವು. ಆಗ ಪೊಳ್ಳಾಚಿ ರಸ್ತೆಯಲ್ಲಿ ಮುಚ್ಚುತ್ತಿದ್ದ ಒಂದು ಮದುವೆ ಮಂಟಪದವರು ತಮ್ಮ ಹಳೆಯ ಹುಲ್ಲುಗಾಡಿಯನ್ನು ಮಾರುತ್ತಾರೆಂದು ತಿಳಿದು ಅವನು ಅದನ್ನು ತಂದ. ಮೇಲೆ ಕೂತು ಓಡಿಸುವಂಥದ್ದು. ಹೊಟ್ಟೆಯ ಕೆಳಗೆ ತಿರುಗುವ ಅಲಗು, ಹಿಂದೆ ದೊಡ್ಡ ಚಕ್ರ, ಮುಂದೆ ಸಣ್ಣವು.

ಓಡಿಸಲು ಕಲಿತದ್ದು ನಿಮ್ಮ ಅಮ್ಮ. ಅವಳು ಸೂಲೂರಿನ ಕಡೆಯವಳು, ವಿಮಾನದ ಸದ್ದು ಕೇಳುತ್ತ ಬೆಳೆದವಳು, ಯಾವ ಸದ್ದಿಗೂ ಬೆಚ್ಚುವವಳಲ್ಲ. ಸೀರೆಯ ಮೇಲೆ ನಿಮ್ಮ ಅಪ್ಪನ ಹಳೆಯ ತುಂಬುತೋಳಿನ ಶರ್ಟು ಹಾಕಿ, ತಲೆಗೆ ಟವೆಲು ಸುತ್ತಿ ಕೂತರೆ ಮಧ್ಯಾಹ್ನದವರೆಗೆ ಇಳಿಯುತ್ತಿರಲಿಲ್ಲ. ಬಾವಿಯ ಪಕ್ಕದ ಸಾಲಿಗೆ ಬಂದಾಗಲೆಲ್ಲ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಅದು ಅವಳಿಗೆ ಗೊತ್ತು.

"ಅತ್ತೆಗೆ ಗ್ರೈಂಡರ್ ಹಾಕಿದ್ರೂ ಭಯ," ಎಂದು ನಿಮ್ಮ ಅಪ್ಪನಿಗೆ ಕೇಳುವಂತೆ ಹೇಳುತ್ತಿದ್ದಳು. "ಹಿಟ್ಟು ಆಡಿಸ್ವಾಗ್ಲೂ ದೂರ ನಿಂತ್ಕೊತಾರೆ."

ಅದು ನಿಜವೇ.

ಆಯುಧಪೂಜೆ ಬಂತು. ಮನೆಯ ಮೋಟಾರು, ಸ್ಪ್ಯಾನರು, ಕುಡುಗೋಲು, ನಿಮ್ಮ ಸೈಕಲ್ಲು, ಎಲ್ಲದರ ಜೊತೆ ಹುಲ್ಲುಗಾಡಿಗೂ ನೀರು ಹಾಕಿ ತೊಳೆದು ಅರಿಶಿನ ಕುಂಕುಮ ಇಟ್ಟೆವು. ಬಸ್ಸಿಗೂ ಲಾರಿಗೂ ಕಟ್ಟುವ ಹಾಗೆ ಅದರ ಮುಂಭಾಗದ ಎರಡೂ ಕಡೆ ಚಿಕ್ಕ ಬಾಳೆಗಿಡ ಕಟ್ಟಬೇಕಲ್ಲ. ಲಾರಿಯಾದರೆ ಮುಂದೆ ಕಬ್ಬಿಣದ ಪಟ್ಟಿ ಇರುತ್ತದೆ. ಈ ಗಾಡಿಯ ಮೂತಿ ನುಣುಪು, ಕಟ್ಟಲು ಏನೂ ಸಿಗುವುದಿಲ್ಲ. ನಿಮ್ಮ ಅಪ್ಪ ಬಗ್ಗಿ, ಚಕ್ರದ ಹಿಂದೆ ಕೈಗೆ ಸಿಕ್ಕ ಕಬ್ಬಿಣಕ್ಕೆಲ್ಲ ತೆಂಗಿನ ನಾರಿನ ಹುರಿ ಸುತ್ತಿ ಬಿಗಿಯಾಗಿ ಕಟ್ಟಿದ. ದೇವಸ್ಥಾನದವರೆಗೆ ಓಡಿಸಿಕೊಂಡು ಹೋಗಬೇಕಿತ್ತು, ದಾರಿಯಲ್ಲಿ ಗಿಡ ಬಿದ್ದರೆ ಅಪಶಕುನ ಎಂದು ಇನ್ನೊಂದು ಗಂಟು ಹೆಚ್ಚಾಗಿಯೇ ಹಾಕಿದ.

ಬಾಳೆ ಬಾಡಿದ ಮೇಲೆ ಗಿಡವನ್ನು ತೆಗೆದೆವು. ಹುರಿಯನ್ನು ತೆಗೆಯಲಿಲ್ಲ. ಪೂಜೆಗೆ ಕಟ್ಟಿದ ಗಂಟಿಗೆ ಕತ್ತಿ ತಾಗಿಸುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಅದು ತಾನಾಗಿ ಸವೆದು ಉದುರಬೇಕು. ನನ್ನ ಅತ್ತೆ ಹಾಗೆ ಹೇಳಿಕೊಟ್ಟಿದ್ದರು, ಅವರಿಗೆ ಅವರ ಅತ್ತೆ. ಬಾಗಿಲಿನ ಹುರಿಯಾದರೆ ಮಳೆಗೆ ಬಿಸಿಲಿಗೆ ಉದುರಿ ಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ.

ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ಗಾಡಿ ಹೊರಗೆ ತೆಗೆದಾಗ ಅದು ಬಲಕ್ಕೆ ಎಳೆಯತೊಡಗಿತು. ನಿಮ್ಮ ಅಮ್ಮ ಸ್ಟೇರಿಂಗನ್ನು ಎಡಕ್ಕೆ ಹಿಡಿದೇ ಓಡಿಸಬೇಕಾಗಿತ್ತು. ಕೈ ಸಡಿಲಿಸಿದರೆ ಮರದ ಪಾತಿಯೊಳಗೆ ಇಳಿದುಬಿಡುತ್ತಿತ್ತು. ಸಂಜೆ ಹೊತ್ತಿಗೆ ಅವಳ ಭುಜ ಎತ್ತಲಾಗುತ್ತಿರಲಿಲ್ಲ, ನಾನು ಬಿಸಿ ಎಣ್ಣೆ ಹಚ್ಚುತ್ತಿದ್ದೆ. ಬಾವಿಯ ಸಾಲಿನಲ್ಲಿ ಹೋಗುವಾಗ ಬಾವಿ ಅವಳ ಎಡಕ್ಕೆ, ಬಲಕ್ಕೆ ಎಳೆಯುವುದು ಬಾವಿಯಿಂದ ದೂರಕ್ಕೆ. ಅದೊಂದೇ ನನಗೆ ಸಮಾಧಾನವಾಗಿತ್ತು. ಎಣ್ಣೆ ಹಚ್ಚುತ್ತ, ಇದು ಹೀಗೇ ಬಲಕ್ಕೇ ಎಳೆಯಲಿ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ಉಂಟು.

ನಿಮ್ಮ ಅಪ್ಪ ತನ್ನ ಗೆಳೆಯನಾದ ಮೆಕ್ಯಾನಿಕ್ಕನನ್ನು ಕಳಿಸಿದ. ಪಂಪಿನಿಂದ ಟಿಲ್ಲರಿನವರೆಗೆ ಎಲ್ಲವನ್ನೂ ಬಿಚ್ಚಿ ಕಟ್ಟುವ ಮನುಷ್ಯ, ತಮಿಳಿನವನು. ಅವನು ಗಾಡಿಯನ್ನು ಕಣದ ಸಿಮೆಂಟಿನ ಮೇಲೆ ನಿಲ್ಲಿಸಿ, ಮುಂದಿನ ಎರಡೂ ಚಕ್ರಕ್ಕೆ ಸಮನಾಗಿ ಗಾಳಿ ತುಂಬಿ, ಸ್ಟೇರಿಂಗನ್ನು ನೇರ ಮಾಡಿ ಕಟ್ಟಿದ. ಆಮೇಲೆ ದಾರದ ಒಂದು ತುದಿ ಹಿಡಿಯಲು ಯಾರಾದರೂ ಬೇಕೆಂದು ಸುತ್ತ ನೋಡಿದ. ನಿಮ್ಮ ಅಮ್ಮ ಹಾಲು ಹಾಕಲು ಸೊಸೈಟಿಗೆ ಹೋಗಿದ್ದಳು. ಕೊಟ್ಟಿಗೆಯ ಬಾಗಿಲ ಹಿಂದೆ ನಿಂತಿದ್ದ ನಾನೇ ಬರಬೇಕಾಯಿತು.

ಚಕ್ರಗಳ ಮುಂದಿನ ಅಂಚಿನ ನಡುವೆ ಎಷ್ಟು ದೂರ, ಹಿಂದಿನ ಅಂಚಿನ ನಡುವೆ ಎಷ್ಟು ದೂರ ಎಂದು ದಾರದಲ್ಲಿ ಅಳೆದ. ಮುಂದಿನ ಅಳತೆ ಹಿಂದಿನದಕ್ಕಿಂತ ಒಂದು ಚೂರು ಕಡಿಮೆ ಇರಬೇಕಂತೆ, ಬೆರಳಿನ ಉಗುರಿನಷ್ಟು. ನಡೆಯುವಾಗ ನಮ್ಮ ಹೆಬ್ಬೆರಳುಗಳು ಸ್ವಲ್ಪ ಒಳಮುಖವಾದ ಹಾಗೆ. ಹೊರಮುಖವಾದರೆ ಗಾಡಿ ಹೇಳಿದ ಮಾತು ಕೇಳುವುದಿಲ್ಲ, ಅಲೆಯುತ್ತದೆ. ಎರಡು ಚಕ್ರಗಳನ್ನೂ ಜೋಡಿಸುವ ಒಂದು ಸರಳು ಹೊಟ್ಟೆಯಡಿ ಇದೆ. ಅದರ ತುದಿಯ ನಟ್ಟು ಸಡಿಲಿಸಿ ಸರಳನ್ನು ತಿರುಗಿಸಿದರೆ ಉದ್ದ ಹೆಚ್ಚು ಕಡಿಮೆ ಆಗಿ ಚಕ್ರದ ಮುಖ ಬದಲಾಗುತ್ತದೆ. ಇದನ್ನೆಲ್ಲ ಅವನು ನನಗೆ ಹೇಳುತ್ತಲೇ ಮಾಡಿದ. ನಾನು ತಲೆ ತಗ್ಗಿಸಿ ದಾರ ಹಿಡಿದಿದ್ದೆ, ಆದರೆ ಒಂದೊಂದು ಮಾತೂ ನೆನಪಿದೆ.

ನೆಲದ ಮೇಲೆ ಮಲಗಿ ಗಾಡಿಯ ಕೆಳಗೆ ಕೈ ಹಾಕಿದಾಗ ಅವನಿಗೆ ಹುರಿ ಸಿಕ್ಕಿತು. ಅರಿಶಿನ ಕುಂಕುಮ ಮೆತ್ತಿ, ಮಳೆಗೆ ಬಿಗಿದು, ಕಬ್ಬಿಣಕ್ಕೆ ಕಚ್ಚಿಕೊಂಡಿತ್ತು. ಅವನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಸಾಮಿ ಕಯಿರುಂಗಮ್ಮಾ. ಇದ ನಾನ್ ತೊಡಮಾಟ್ಟೇನ್," ಎಂದ. ದೇವರ ಹುರಿ, ಇದನ್ನು ತೆಗೆಯಲು ನಾನು ಕೈ ಹಾಕುವುದಿಲ್ಲ ಎಂದು.

ನಾನೂ ಹೌದೆಂದು ತಲೆಯಾಡಿಸಿದೆ. ಅವನ ಬಗ್ಗೆ ಗೌರವ ಹುಟ್ಟಿತು. ಹುರಿಯನ್ನು ಹಾಗೇ ಬಿಟ್ಟು, ಅದರ ಪಕ್ಕದಿಂದಲೇ ಸ್ಪ್ಯಾನರು ತೂರಿಸಿ ಸರಳು ತಿರುಗಿಸಿ, ಗಾಡಿ ನೇರ ಓಡುವ ಹಾಗೆ ಮಾಡಿದ. ಸರಳಿನ ತುದಿಯ ಗುಂಡುಕೀಲುಗಳು ಸವೆದಿವೆ, ಚಕ್ರ ಅಲುಗದಂತೆ ಹಿಡಿಯುವ ಬುಷ್ಷೂ ಹೋಗಿದೆ, ಮುಂದಿನ ಸಲ ಹೊಸದು ಹಾಕೋಣ ಎಂದ. ಅಂಗಳದಲ್ಲಿ ಓಡಿಸಿ ತೋರಿಸಿದ. ಕೈ ಬಿಟ್ಟರೂ ನೇರ ಹೋಯಿತು.

"ಪಯಪ್ಪಡಾದೀಂಗ," ಎಂದು ನನ್ನ ಮುಖ ನೋಡಿ ಹೇಳಿದ. ಹೆದರಬೇಡಿ ಎಂದು. ನಾನು ಹೆದರಿದ್ದೇನೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಆಮೇಲೆ ಬಿಸಿಲು ಬಂತು. ನಿಮ್ಮ ಅಮ್ಮ ಗೆಲುವಾಗಿದ್ದಳು. ಶಾಲೆಗೆ ರಜೆ ಬಂದಾಗ ನಿಮ್ಮನ್ನೂ ಮಡಿಲಲ್ಲಿ ಕೂರಿಸಿ ಒಂದು ಸುತ್ತು ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದಳು. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಆ ದಿನ ಬೆಳಗ್ಗೆ ನೀವು ಶಾಲೆಯ ವ್ಯಾನು ಹತ್ತಿ ಹೋದಿರಿ. ನಾನು ಬಾವಿಯ ಈಚೆ ಗರಿ ಹೆಣೆಯುತ್ತ ಕೂತಿದ್ದೆ. ಅಲ್ಲಿ ಏಕೆ ಕೂತಿದ್ದೆ ಎಂದರೆ, ನೆರಳಿತ್ತು ಎಂದು ಎಲ್ಲರಿಗೂ ಹೇಳಿದೆ. ನೆರಳು ಎಲ್ಲ ಕಡೆಯೂ ಇತ್ತು. ಅವಳು ಆ ದಿನ ಬಾವಿಯ ಸಾಲಿಗೆ ಬರುತ್ತಾಳೆಂದು ನನಗೆ ಗೊತ್ತಿತ್ತು.

ಬಾವಿಯ ಬದಿಯಲ್ಲಿ ಹುಲ್ಲು ಎಲ್ಲಕ್ಕಿಂತ ದಟ್ಟ. ಅವಳು ತೆರೆದ ಕಡೆಗೆ ಬಂದಾಗ ಗಾಡಿಗೂ ಅಂಚಿಗೂ ನಡುವೆ ಒಬ್ಬರು ಮಲಗುವಷ್ಟು ಜಾಗ. ನಾನು ಗರಿ ಕೆಳಗಿಟ್ಟೆ. ಎಂಜಿನಿನ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ. ಮುಂದಿನ ಚಕ್ರಗಳು ಒಮ್ಮೆ ನಡುಗಿದ್ದು ಕಾಣಿಸಿತು, ಅಷ್ಟೆ. ಆಮೇಲೆ ಗಾಡಿ ಎಡಕ್ಕೆ ಮುಖ ಮಾಡಿತು.

ಅವಳು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದಳು. ಚಕ್ರ ಹೊರಳಲಿಲ್ಲ. ಇನ್ನೂ ತಿರುಗಿಸಿದಳು. ಗಾಡಿ ಜೋರಾಗಿ ಹೋಗಲಿಲ್ಲ, ಮಕ್ಕಳೇ. ಆಕಳು ನೀರಿಗೆ ಹೋಗುವ ಹಾಗೆ, ಏನೂ ಅವಸರವಿಲ್ಲದೆ ಬಾವಿಯ ಕಡೆ ಹೋಯಿತು. ಅವಳು ಬ್ರೇಕು ಮರೆತು ಎರಡೂ ಕೈಯಲ್ಲಿ ಸ್ಟೇರಿಂಗನ್ನೇ ಎಳೆಯುತ್ತಿದ್ದಳು. ಇನ್ನೊಂದು ಚೂರು ಎಳೆದರೆ ಮಾತು ಕೇಳುತ್ತದೆ ಎಂದು ನಂಬಿದವಳ ಹಾಗೆ.

ಟ್ರ್ಯಾಕ್ಟರಿನ ಆ ಚಕ್ರ ಗಾಳಿಯಲ್ಲಿ ಸುತ್ತುವುದು ಕಣ್ಣ ಮುಂದೆ ಬಂತು. ಹೇಗೆ ಎದ್ದೆನೋ, ಯಾವ ಕಾಲು ಮುಂದಿಟ್ಟೆನೋ ಗೊತ್ತಿಲ್ಲ. ಹಿಂದಿನಿಂದ ಅವಳ ಶರ್ಟಿನ ಕೊರಳಪಟ್ಟಿಗೆ ಕೈ ಹಾಕಿ ನನ್ನ ಮೈಯ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟೆ. ಅವಳು ಸೀಟಿನಿಂದ ಜಾರಿ ನನ್ನ ಮೇಲೆ ಬಿದ್ದಳು. ಸೀಟಿನಿಂದ ಎದ್ದರೆ ಎಂಜಿನು ನಿಲ್ಲುವ ಹಾಗೆ ಆ ಗಾಡಿಯನ್ನು ಮಾಡಿದ್ದಾರಂತೆ. ಆ ದಿನದವರೆಗೆ ನನಗದು ಗೊತ್ತಿರಲಿಲ್ಲ. ಸದ್ದು ನಿಂತಿತು. ಎಡಚಕ್ರ ಕಪಿಲೆಯ ಕಲ್ಲುಕಂಬಕ್ಕೆ ಒತ್ತಿಕೊಂಡು ನಿಂತಿತ್ತು. ಬಲಚಕ್ರದ ಮುಂದೆ ಕಂಬ ಇರಲಿಲ್ಲ. ಅಂಚಿನ ಮಣ್ಣು ಸ್ವಲ್ಪ ಸ್ವಲ್ಪವೇ ಒಳಗೆ ಉದುರುವುದು ಕೇಳಿಸುತ್ತಿತ್ತು, ಬಹಳ ಹೊತ್ತಿನ ಮೇಲೆ ನೀರಿನ ಸದ್ದು.

ಗಾಡಿ ಕಂಬಕ್ಕೆ ನಿಂತಿತೋ, ಎಂಜಿನು ಆರಿ ನಿಂತಿತೋ, ನನಗೆ ತಿಳಿಯದು. ನಾವಿಬ್ಬರೂ ಹುಲ್ಲಿನ ಮೇಲೆ ಹಾಗೇ ಕೂತಿದ್ದೆವು. ನನ್ನ ಕೈ ಅವಳ ಕೊರಳಪಟ್ಟಿ ಬಿಡಲು ಒಪ್ಪಲಿಲ್ಲ. ಬೆರಳುಗಳನ್ನು ಅವಳೇ ಒಂದೊಂದಾಗಿ ಬಿಡಿಸಿದಳು.

"ಅತ್ತೆ," ಎಂದಳು ಆಮೇಲೆ, "ಮಕ್ಕಳ್ಗೆ ಹೇಳ್ಬೇಡಿ."

ಅದಕ್ಕೇ ಇಷ್ಟು ದಿನ ಹೇಳಲಿಲ್ಲ. ಈಗ ಬರೆಯಲು ಅವಳೇ ಒಪ್ಪಿದ್ದಾಳೆ.

ನಿಮ್ಮ ಅಪ್ಪ ಬಂದವನು ಮೊದಲು ಗಾಡಿಯನ್ನು ಹಗ್ಗ ಹಾಕಿ ಹಿಂದಕ್ಕೆ ಎಳೆಸಿದ. ಆಮೇಲೆ, ನಾಳೆಯೇ ಇದನ್ನು ಮಾರುತ್ತೇನೆ ಎಂದ. ನನಗೆ ಹೋದ ಜೀವ ಬಂದಂತಾಯಿತು. ನಿಮ್ಮ ಅಮ್ಮ ಒಪ್ಪಲಿಲ್ಲ. ಮಾರಿದರೆ ಹುಲ್ಲು ಯಾರು ಕತ್ತರಿಸುತ್ತಾರೆ, ಕಾಯಿ ಕೀಳುವವರು ಮತ್ತೆ ಬದುವಿನ ಮೇಲಿಂದಲೇ ಹಿಂದಿರುಗುತ್ತಾರೆ, ಮಕ್ಕಳು ಅದೇ ಹುಲ್ಲಿನಲ್ಲಿ ನಡೆದು ವ್ಯಾನಿಗೆ ಹೋಗುತ್ತಾರೆ ಎಂದಳು. ಹಾವು ಕಚ್ಚಿದರೆ ಅದು ಬಾವಿಗೆ ಬೀಳುವುದಕ್ಕಿಂತ ವಾಸಿಯೇ ಎಂದು ಕೇಳಿದಳು. ಅವಳು ಹೇಳಿದ್ದು ಸರಿಯಾಗಿತ್ತು, ಅದೇ ನನಗೆ ಇನ್ನೂ ಭಯ ತಂದಿತು. ಸರಿಯಾದದ್ದನ್ನು ಹೇಳುವವಳನ್ನು ತಡೆಯುವುದು ಹೇಗೆ.

ಮೆಕ್ಯಾನಿಕ್ಕ ಬಂದು ಗಾಡಿಯ ಕೆಳಗೆ ಮಲಗಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವನ ಕೈಯಲ್ಲಿ ಹರಿದ ಹುರಿಯ ತುಂಡಿತ್ತು. ನಿಮ್ಮ ಅಪ್ಪ ಆ ದಿನ ಹುರಿ ಕಟ್ಟಿದ್ದು ಗಾಡಿಯ ಮುಂದಿನ ಅಚ್ಚಿಗೂ, ಚಕ್ರವನ್ನು ತಿರುಗಿಸುವ ತೋಳಿಗೂ ಸೇರಿಸಿ. ಎರಡೂ ಕಡೆ ಹಾಗೇ. ಬಲಗಡೆಯದು ಹೆಚ್ಚು ಬಿಗಿ. ಮಳೆಗೆ ನೆನೆದು ಇನ್ನೂ ಬಿಗಿದು, ಸವೆದ ಕೀಲುಗಳನ್ನು ಅದು ಬಲಕ್ಕೆ ಎಳೆದು ಹಿಡಿದಿತ್ತು. ಮೆಕ್ಯಾನಿಕ್ಕ ಸರಿಮಾಡಿದ್ದು ಆ ಎಳೆತಕ್ಕೆ ಎದುರಾಗಿ. ಹುರಿ ಇರುವಷ್ಟು ದಿನ ಗಾಡಿ ನೇರ ಹೋಯಿತು. ಬಿಸಿಲಿಗೆ ಒಣಗಿ, ಸರಳಿಗೆ ಉಜ್ಜಿ ಉಜ್ಜಿ, ಬಾವಿಯ ಸಾಲಿನಲ್ಲಿ ಅದು ಹರಿಯಿತು. ಹಿಡಿದಿದ್ದದ್ದು ಹೋಯಿತು, ಎಡಗಡೆಯ ಹುರಿಯೊಂದೇ ಎಳೆಯುತ್ತ ಉಳಿಯಿತು, ಸವೆದ ಕೀಲುಗಳ ಸಡಿಲದಲ್ಲಿ ಸ್ಟೇರಿಂಗು ತಿರುಗಿಸಿದ್ದು ಚಕ್ರಕ್ಕೆ ಮುಟ್ಟಲಿಲ್ಲ.

ತಾನಾಗಿ ಸವೆದು ಉದುರಬೇಕು ಎಂದಿದ್ದೆವು. ಹಾಗೆಯೇ ಆಗಿತ್ತು.

ಎಡಗಡೆಯದನ್ನು ತೆಗೆಯದೆ ಕೀಲು ಬದಲಿಸುವ ಹಾಗಿರಲಿಲ್ಲ. ಗಂಟು ಕಲ್ಲಿನಂತಾಗಿ ಬಿಚ್ಚಲು ಬರಲಿಲ್ಲ. ಮೆಕ್ಯಾನಿಕ್ಕ ನಿಮ್ಮ ಅಪ್ಪನನ್ನು ನೋಡಿದ. ನಿಮ್ಮ ಅಪ್ಪ ನಿಮ್ಮ ಅಮ್ಮನನ್ನು ನೋಡಿದ. ಅವಳು, ಅಷ್ಟು ಧೈರ್ಯದವಳು, ಒಂದು ಹೆಜ್ಜೆ ಹಿಂದೆ ಸರಿದಳು. ಕಂಬ ಅಡ್ಡ ಬಂದದ್ದು ದೇವರೇ ಕಾಪಾಡಿದ್ದು, ಈಗ ಅವನ ಹುರಿ ಕಡಿದರೆ ಏನಾಗುತ್ತದೋ ಎಂದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾವಿಯ ಅಂಚಿನಲ್ಲೂ ಅವಳ ಮುಖ ಹಾಗಿರಲಿಲ್ಲ.

ನನಗೆ ಹೆದರಿಕೆ ಹೊಸದಲ್ಲ. ಕೊಟ್ಟಿಗೆಯಿಂದ ಕುಡುಗೋಲು ತಂದೆ. ಕುಡುಗೋಲಿನ ತುದಿ ಕಬ್ಬಿಣಕ್ಕೆ ತಾಗಿ ಟಿಣಿಟಿಣಿ ಎನ್ನುತ್ತಿತ್ತು. ಅತ್ತೆಯವರನ್ನು ನೆನೆದೆ. ಸ್ವಾಮಿ, ಬರುವ ಕೋಪವೆಲ್ಲ ನನ್ನ ಮೇಲಿರಲಿ, ಇವಳ ಮೇಲೆ ಬೇಡ ಎಂದು ಒಳಗೇ ಹೇಳಿಕೊಂಡು ಕಡಿದೆ. ಒಂದೇ ಏಟಿಗೆ ಹರಿಯಲಿಲ್ಲ, ಗರಗಸದಂತೆ ಎಳೆಯಬೇಕಾಯಿತು. ತುಂಡುಗಳನ್ನು ಎಲೆಯಲ್ಲಿಟ್ಟುಕೊಂಡು ಹೋಗಿ, ಪೂಜೆಯ ಹೂ ಬಿಡುವ ಹಾಗೆ ಅಮರಾವತಿ ಕಾಲುವೆಯ ಹರಿವ ನೀರಿಗೆ ಬಿಟ್ಟೆ. ಆಮೇಲೆ ಎಷ್ಟೋ ದಿನ ತಲೆ ನೋವು ಬಂದರೂ, ಹಸು ಹಾಲು ಕಡಿಮೆ ಕೊಟ್ಟರೂ, ಇದು ಅದಕ್ಕೇ ಬಂತೇ ಎಂದು ಅನಿಸುತ್ತಿತ್ತು.

ಹೊಸ ಕೀಲು, ಹೊಸ ಬುಷ್ಷು ಕೊಯಮತ್ತೂರಿನಿಂದ ಬಂದವು. ಮತ್ತೆ ದಾರ ಹಿಡಿದೆ. ಈ ಸಲ ನಾನು ತಲೆ ತಗ್ಗಿಸಲಿಲ್ಲ. ಅಳತೆ ಆದ ಮೇಲೂ ಇನ್ನೊಮ್ಮೆ ಅಳೆಯಿರಿ ಎಂದೆ. ಅವನು ಅಳೆದ. ಚಕ್ರವನ್ನು ಹಿಡಿದು ಅಲುಗಿಸಿ ನೋಡಿರಿ ಎಂದೆ. ಅಲುಗಿಸಿದ. ಸ್ಟೇರಿಂಗ್ ತಿರುಗಿಸಿದ ಕೂಡಲೇ ಚಕ್ರ ಹೊರಳುತ್ತದೆಯೇ, ತಡವಾಗುತ್ತದೆಯೇ ಎಂದು ಕೇಳಿದೆ.

"ಅಮ್ಮಾವುಕ್ಕು ಪಟ್ಟರೆಯಿಲ ವೇಲೆ ಪೋಟ್ಟು ಕುಡುಕ್ಕಲಾಂಗ," ಎಂದು ಅವನು ನಿಮ್ಮ ಅಪ್ಪನ ಕಡೆ ನೋಡಿ ನಕ್ಕ. ಅಮ್ಮನಿಗೆ ನಮ್ಮ ವರ್ಕ್‌ಶಾಪಿನಲ್ಲೇ ಕೆಲಸ ಕೊಡಬಹುದು ಎಂದು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬಾವಿಯ ತೆರೆದ ಕಡೆಗೆ ಕಟ್ಟೆ ಕಟ್ಟಿಸು ಎಂದು ನಿಮ್ಮ ಅಪ್ಪನಿಗೆ ಹೇಳಿದೆ, ಅವನ ಗೆಳೆಯನ ಮುಂದೆಯೇ. ಹೂಂ ಎಂದ. ಹೂಂ ಅಂದರೆ ಸಾಲದು ಎಂದೆ. ಅವನು ನನ್ನ ಮುಖ ನೋಡಿ, ಆಯಿತಮ್ಮ ಎಂದ.

ಆದರೆ ನಡುವೆ ಮತ್ತೊಂದು ಮಳೆ ಬಿದ್ದು ತೋಟದ ದಾರಿ ಕೆಸರಾಗಿತ್ತು, ಕಲ್ಲಿನ ಲಾರಿ ಒಳಗೆ ಬರುವ ಹಾಗಿರಲಿಲ್ಲ. ಕಾಯಿ ಕೀಳುವವರು ಅದೇ ವಾರ ಬರುವವರಿದ್ದರು. ಬಾವಿಯ ಸಾಲು ಒಂದು ಉಳಿದಿತ್ತು.

ನಿಮ್ಮ ಅಮ್ಮ ಶರ್ಟು ಹಾಕಿಕೊಂಡಳು. ನಾನು ಬೇಡ ಎನ್ನಲಿಲ್ಲ. ಅಂದರೂ ನಿಲ್ಲುವವಳಲ್ಲ. ಮೊದಲು ಮನೆಯ ಹತ್ತಿರದ ಸಾಲುಗಳಲ್ಲಿ ಓಡಿಸು, ಬ್ರೇಕು ಒತ್ತಿ ಒತ್ತಿ ನೋಡು ಎಂದೆ. ಓಡಿಸಿದಳು. ಗಾಡಿ ಹೇಳಿದ ಕಡೆ ಹೋಯಿತು, ಹೇಳಿದಲ್ಲಿ ನಿಂತಿತು. ಆಮೇಲೆ ಬಾವಿಯ ಸಾಲಿಗೆ ತಿರುಗಿದಳು. ನಾನು ಹೋಗಿ ಎರಡು ಕಂಬಗಳ ನಡುವೆ, ಬಾವಿಗೆ ಬೆನ್ನು ಮಾಡಿ ನಿಂತೆ. ಅವಳು ಗಾಡಿ ನಿಲ್ಲಿಸಿದಳು.

"ಅಲ್ಲಿಂದ ಬನ್ನಿ ಅತ್ತೆ."

"ನೀನು ಓಡ್ಸು."

"ಗಾಡಿ ತಿರುಗ್ದ್ರೆ ನೀವು ತಡ್ಕೊತೀರಾ?"

"ನಾನಿಲ್ಲಿದ್ರೆ ನೀನು ಬ್ರೇಕ್ ಮರೆಯಲ್ಲ," ಎಂದೆ.

ಅವಳು ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಮೆಲ್ಲಗೆ ಬಂದಳು. ಕತ್ತರಿಸಿದ ಹುಲ್ಲು ನನ್ನ ಪಾದದ ಮೇಲೆ ಬಿತ್ತು. ಚಕ್ರಗಳನ್ನು ಬಿಟ್ಟು ನಾನು ಬೇರೆಲ್ಲೂ ನೋಡಲಿಲ್ಲ. ಬೆನ್ನ ಹಿಂದೆ ಬಾವಿಯ ತಣ್ಣನೆಯ ಗಾಳಿ ಕುಪ್ಪಸದೊಳಗೆ ಹೋಗುತ್ತಿತ್ತು. ಎಡಚಕ್ರ ನನ್ನ ಮುಂದಿನಿಂದ ನೇರವಾಗಿ, ಗೆರೆ ಎಳೆದ ಹಾಗೆ ಹಾದುಹೋಯಿತು. ಸಾಲಿನ ತುದಿಯಲ್ಲಿ ಅವಳು ತಿರುಗಿ ಕೈ ಎತ್ತಿದಳು. ನನಗೆ ಕೈ ಎತ್ತಲು ಆಗಲಿಲ್ಲ, ಕಂಬ ಹಿಡಿದುಕೊಂಡು ಅಲ್ಲೇ ಕೂತೆ.

ಕಟ್ಟೆ ಪೊಂಗಲಿನ ತೈ ತಿಂಗಳಲ್ಲಿ ಎದ್ದಿತು. ಗಾಡಿ ಇಂದಿಗೂ ನೇರ ಓಡುತ್ತದೆ. ಪ್ರತಿ ಮಳೆಗಾಲದ ಮುಂಚೆ ದಾರ ಹಿಡಿಯುವುದು ನಾನೇ. ಆದರೂ ಅವಳು ಆ ಸಾಲಿಗೆ ಹೋದರೆ ನನಗೆ ಬಾಯಿ ಒಣಗುತ್ತದೆ. ಕಟ್ಟೆ ಬಂದ ಮಾತ್ರಕ್ಕೆ ಹೋಗುವ ಭಯ ಅಲ್ಲ ಅದು.

ನೀವು ದೊಡ್ಡವರಾಗಿ ಅದರ ಮೇಲೆ ಕೂರುತ್ತೀರಿ, ತಡೆಯಲು ನಾನು ಇರುತ್ತೇನೋ ಇಲ್ಲವೋ. ಕೂರುವ ಮುಂಚೆ ಚಕ್ರ ಅಲುಗಿಸಿ ನೋಡಿ, ಕೆಳಗೆ ಬಗ್ಗಿ ನೋಡಿ, ಬ್ರೇಕು ಎಲ್ಲಿದೆ ಎಂದು ಕಾಲಿಗೆ ನೆನಪು ಮಾಡಿ. ಈ ಹಾಳೆಗಳನ್ನು ಗಾಡಿಯ ಶೆಡ್ಡಿನಲ್ಲಿ ಇಡಬೇಡಿ, ಎಣ್ಣೆ ತಾಗಿ ಅಕ್ಷರ ಹೋಗುತ್ತದೆ. ನನ್ನ ಸೀರೆ ಪೆಟ್ಟಿಗೆಯಲ್ಲಿ, ಬೇವಿನ ಎಲೆ ಹಾಕಿ, ಮಡಿಸದೆ ಇಡಿ. ಇದನ್ನು ಓದಲು ಬರುವವರು ನೀವಿಬ್ಬರೇ ಆದ್ದರಿಂದ, ನಾನಿಲ್ಲದ ಮೇಲೆ ಕಳೆದರೆ ಇನ್ನೊಮ್ಮೆ ಬರೆದುಕೊಡುವವರು ಯಾರೂ ಇಲ್ಲ.